ಹಿಂಬಾಗಿಲಲ್ಲಿ ನಿಂತ ಅಜ್ಜಯ್ಯ

ಕಳೆದ ವಾರ ಶಿವಮೊಗ್ಗದಲ್ಲಿ ನಾನಿರುವ ಬಾಡಿಗೆ ಮನೆಯ ಹಿಂದಿನ ಕೆರೆಯ ಹೂಳೆತ್ತುತ್ತಿದ್ದರು. ಬಿಸಿಲಿಗೆ ಒಣಗುತ್ತಿದ್ದ ಹೂಳಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಸ್ವಲ್ಪ ಮೀನು, ಸ್ವಲ್ಪ ಕೊಳೆತ ಎಲೆ, ಜೊತೆಗೆ ತುಕ್ಕಿನಂಥದ್ದೇನೋ... ನರಸಿಂಹರಾಜಪುರದ ಹತ್ತಿರದ ನಮ್ಮೂರಿನಲ್ಲಿ ಬೇಸಿಗೆಯ ಕೊನೆಗೆ ಭದ್ರಾ ಹಿನ್ನೀರು ಇಳಿದಾಗ ಬರುವ ವಾಸನೆ. ಪಕ್ಕದ ಮನೆಯ ಅಜ್ಜಯ್ಯನ ಬಟ್ಟೆಯಲ್ಲಿ ಆ ದಿನಗಳಲ್ಲಿ ಅದೇ ಇರುತ್ತಿತ್ತು.

ಅಣೆಕಟ್ಟಿನ ನೀರು ಬಂದಾಗ ಅವರ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲವಂತೆ. ಮನೆ, ಗದ್ದೆ, ಕಣ ಎಲ್ಲ ಮುಳುಗಿದವು. ಮೇಲೆ ಗುಡ್ಡಕ್ಕೆ ಬಂದು ಪೊದೆ ಕಡಿದು ಗದ್ದೆ ಮಾಡಿದರು. ಐದು ಮಕ್ಕಳನ್ನು ಸಾಕಿ, ಓದಿಸಿ, ಮದುವೆ ಮಾಡಿದರು. ನಾನು ಕಂಡಾಗ ಮುದುಕರು. ಮಗ ತಂದ ಟಿಲ್ಲರಿಗೂ ಎತ್ತಿಗೆ ಹೇಳುವಂತೆ "ಹೋ ಹೋ, ನಿಲ್ಲಾ" ಎನ್ನುತ್ತಿದ್ದರು. ಅದು ನಿಲ್ಲದಿದ್ದರೆ ಬೈಯುತ್ತಿದ್ದರು.

ನೀರು ಇಳಿದಾಗ ಹಳೆಯ ಮನೆಯ ಜಾಗ ಮೇಲೆ ಬರುತ್ತಿತ್ತು. ಉಳಿದಿದ್ದು ಪಂಚಾಂಗದ, ಅಂದರೆ ತಳಪಾಯದ, ಕಲ್ಲುಗಳು ಮಾತ್ರ. ಗೋಡೆ ಇಲ್ಲ, ಬಾಗಿಲಿಲ್ಲ. ಆದರೂ ಅಜ್ಜಯ್ಯ ಬಾಗಿಲಿದ್ದಲ್ಲಿ ತಲೆ ಬಗ್ಗಿಸಿಯೇ ಒಳಗೆ ಹೋಗುತ್ತಿದ್ದರು. ಚಿಕ್ಕವಳಿದ್ದಾಗ ಒಮ್ಮೆ ನಾನು ಅಡ್ಡ ದಾಟಿ ನಡೆದೆ.

"ಗೋಡೆ ತೂರ್ಕಂಡು ಬರ್ತೀಯಲ್ಲೇ ಮಾರಾಯ್ತಿ, ನೀ ಎಂತ ದೆವ್ವವಾ? ಬಾಗ್ಲಲ್ಲಿ ಬಾ."

ನಾನು ವಾಪಸು ಹೋಗಿ, ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ ಬಂದೆ. ಅಡುಗೆಮನೆಯ ಆಚೆ, ಹಿತ್ತಲಿಗೆ ಮಾತ್ರ ಅವರು ಯಾರನ್ನೂ ಬಿಡುತ್ತಿರಲಿಲ್ಲ.

ಯಾಕೆಂದು ಅಮ್ಮ ಎಷ್ಟೋ ವರ್ಷದ ಮೇಲೆ ಹೇಳಿದಳು. ಅವರ ಮೊದಲ ಮಗು ಹೆಣ್ಣು. ಹೆಸರಿಡುವ ಮೊದಲೇ ತೀರಿಕೊಂಡಿತು. ಹಿತ್ತಲಲ್ಲಿ ಮಣ್ಣು ಮಾಡಿದ ಮರುವರ್ಷವೇ ನೀರು ಬಂತು. "ಅವ್ರ ಮಕ್ಳಿಗೂ ಗೊತ್ತಿಲ್ಲ. ನೀ ಬಾಯಿ ಬಿಡ್ಬೇಡ" ಎಂದಳು.

ನಾನು ಎಂ.ಎ. ಓದುತ್ತಿದ್ದ ಕಾಲದ ಒಂದು ಬೇಸಿಗೆ ರಜೆ. ಕಳಸದ ಕಡೆ ಮಳೆ ಹಿಡಿದು ನೀರು ಏರತೊಡಗಿತ್ತು. ಅಜ್ಜಯ್ಯ ಹಳೆಯ ಮನೆಗೆ ಹೊರಟು ನಿಂತರೆ ದೊಡ್ಡ ಮಗ ಬಿಡಲಿಲ್ಲ.

"ಅಪ್ಪಯ್ಯ, ಕೆಸರಲ್ಲಿ ಹೂತ್ಕಂಡ್ರೆ ನಿನ್ನ ಎತ್ತಕ್ಕೆ ಜೆಸಿಬಿ ತರ್ಬೇಕಾಗ್ತದೆ. ಸುಮ್ನೆ ಕೂತ್ಕ."

ಸಂಜೆ ಮಗ ಪೇಟೆಗೆ ಹೋದ ಮೇಲೆ ಅವರು ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಕೋಲಿತ್ತು.

"ಒಂಚೂರು ಜೊತೆಗೆ ಬಾ ಮಗಾ. ಮುಂದಿನ ಬೇಸ್ಗೆಗೆ ನಾ ಇರಲ್ಲ. ಈ ಸಲ ಕರ್ಕಂಡು ಬರ್ದಿದ್ರೆ ಅದು ಅಲ್ಲೇ ಉಳೀತದೆ."

ಅಮ್ಮ ಹೇಳಿದ್ದು ನೆನಪಾಯಿತು. ನಾನು ಚಪ್ಪಲಿ ಮೆಟ್ಟಿದೆ.

ನಾವು ಹೋಗುವಷ್ಟರಲ್ಲಿ ನೀರು ಹಿತ್ತಲಿಗೆ ಬಂದಾಗಿತ್ತು. ಗಾಳಿ ಇರಲಿಲ್ಲ. ಅಜ್ಜಯ್ಯ ತಲೆ ಬಗ್ಗಿಸಿ ಒಳಗೆ ಹೋಗಿ, ಜಗಲಿ, ನಡುಮನೆ, ಅಡುಗೆಮನೆ ದಾಟಿ ಹಿಂಬಾಗಿಲಲ್ಲಿ ನಿಂತರು. ಕೈ ಚಾಚಿ ಏನನ್ನೋ ಒಳಕ್ಕೆ ಎಳೆದರು, ಅಗುಳಿ ತೆಗೆದ ಕದವನ್ನು ಎಳೆಯುವ ಹಾಗೆ.

"ಕೂಸೇ, ನೀರು ಬಂತು. ಒಳಗೆ ಬಾ."

ದನಿಯಲ್ಲಿ ಅಳು ಇರಲಿಲ್ಲ. ಹೊತ್ತಾದರೂ ಆಟ ಬಿಡದ ಮಗುವನ್ನು ಕರೆಯುವ ಬೇಸರ ಇತ್ತು. ಬಹಳ ಹೊತ್ತು ಕಾದರು... ಆಮೇಲೆ ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದರು. ಕದ ಹಾಕಿದರು.

ನನ್ನ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಗಾಳಿ ಆಗಲೂ ಇರಲಿಲ್ಲ.

"ನೀ ಮುಂದೆ ನಡಿ. ತಿರುಗಿ ನೋಡ್ಬೇಡ, ಅದಕ್ಕೆ ಹೊಸಬ್ರು ಅಂದ್ರೆ ನಾಚ್ಗೆ."

ನಾನು ನೋಡಲಿಲ್ಲ. ಅವರು ದಾರಿಯುದ್ದಕ್ಕೂ ನಿಧಾನವಾಗಿ ಬಂದರು, ಪುಟ್ಟ ಹೆಜ್ಜೆಗೆ ಕಾಯುವವರ ಹಾಗೆ. ಕೋಲಿನ ಸದ್ದು ಆಗಾಗ ನಿಲ್ಲುತ್ತಿತ್ತು.

ಅವರ ಅಂಗಳದಲ್ಲಿ ಹೆಂಡತಿ ಅಜ್ಜಮ್ಮ ತಂಬಿಗೆ ಹಿಡಿದು ನಿಂತಿದ್ದರು. ಮನೆ ಮುಳುಗಿ ಗುಡ್ಡ ಹತ್ತಿ ಬಂದ ಮೇಲೆ ಅವರು ಒಮ್ಮೆಯೂ ಕೆಳಗಿಳಿದವರಲ್ಲ. ನಾವು ಹೋದದ್ದನ್ನು ನಾನಂತೂ ಅವರಿಗೆ ಹೇಳಿರಲಿಲ್ಲ.

"ಬಂತಾ?"

"ಹ್ಞೂಂ."

ಅಜ್ಜಮ್ಮ ಅವರ ಕಾಲಿಗೆ ನೀರು ಹಾಕಿದರು. ನನ್ನ ಕಾಲಿಗೂ ಹಾಕಿದರು. ಆಮೇಲೆ ಮಂಡಿಯೂರಿ, ತಂಬಿಗೆಯನ್ನು ನೆಲದ ಹತ್ತಿರಕ್ಕೆ ತಂದು, ಮೆಲ್ಲಗೆ, ಎರಡು ಕಾಲಿಗೆ ಬೇಕಾಗುವಷ್ಟು ನೀರು ಸುರಿದರು.

ಆ ಮಳೆಗಾಲ ಮುಗಿಯುವ ಮೊದಲೇ ಅಜ್ಜಯ್ಯ ಹೋದರು, ನಿದ್ದೆಯಲ್ಲಿ. ಹೋದ ವರ್ಷ ಅಜ್ಜಮ್ಮನೂ ಹೋದರು. ಮೊನ್ನೆ ಅವರ ವರ್ಷದ ತಿಥಿಗೆ ನಾನು ಊರಿಗೆ ಹೋಗಿದ್ದೆ. ದೊಡ್ಡ ಸೊಸೆ ಎಡೆಗೆ ಬಾಳೆಲೆ ಒರೆಸುತ್ತ ಎಷ್ಟು ಬೇಕೆಂದು ಕೇಳಿದರು. "ಅಪ್ಪಯ್ಯಂಗೊಂದು, ಅವ್ವಂಗೊಂದು. ಸಾಕು" ಎಂದ ಮಗ.

ಇನ್ನು ಆ ಮನೆಯಲ್ಲಿ ಕೂಸಿನ ವಿಷಯ ಯಾರಿಗೂ ಗೊತ್ತಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಇನ್ನೊಂದು ಸಣ್ಣ ಎಲೆ ಇಡಿ" ಎಂದೆ.

"ಯಾರಿಗೆ?" ಎಂದು ಮಗ ನನ್ನ ಮುಖ ನೋಡಿದ.

ನಾನು ಹೇಳಹೊರಟೆ. ಹೇಳಲು ಒಂದು ಹೆಸರೂ ಇರಲಿಲ್ಲ.

"ನಿಮ್ಮ ಅಕ್ಕನಿಗೆ" ಎಂದೆ.