ಊತ ಇಳಿದ ಮೇಲೆ

ಕಳೆದ ಮೂರು ವಾರ ಈ ಅಂಕಣ ಬರಲಿಲ್ಲ. "ಏನಮ್ಮಾ, ಬರೆಯೋಕೆ ವಿಷಯ ಮುಗಿದುಹೋಯ್ತಾ?" ಎಂದು ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಹಿರಿಯರೊಬ್ಬರು ನಗುತ್ತಾ ಕೇಳಿದರು.

ವಿಷಯ ಮುಗಿದಿರಲಿಲ್ಲ. ನನ್ನ ತಂಗಿಯ ಮಗಳು ಮುಗಿದುಹೋಗುವುದರಲ್ಲಿದ್ದಳು.

ತಂಗಿ ಜಯಮ್ಮನನ್ನು ಕೊಟ್ಟಿರುವುದು ಜಂಗಮಕೋಟೆ ಆಚೆಯ ಒಂದು ಹಳ್ಳಿಗೆ. ಅನುಕೂಲಸ್ಥರ ಮನೆ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಕರೆಯುವ ಎರಡು ಹಸು. ಅವಳಿಗೆ ಎರಡನೆಯ ಹೆರಿಗೆಯಾಯಿತು, ಗಂಡು ಮಗು. ನಮ್ಮಮ್ಮ ತೀರಿಕೊಂಡಿರುವುದರಿಂದ ಬಾಣಂತನಕ್ಕೆ ನಾನೇ ಬಟ್ಟೆ ಕಟ್ಟಿಕೊಂಡು ಹೊರಟೆ. (ಮನೆಯಲ್ಲಿ ಯಜಮಾನರು ಒಂದು ವಾರ ಉಪ್ಪಿಟ್ಟು ತಿಂದುಕೊಂಡಿದ್ದರು. ಮಿಕ್ಕ ಎರಡು ವಾರ ಏನು ತಿಂದರೋ, ನಾನು ಕೇಳಲಿಲ್ಲ.)

ಹೋದ ಕೂಡಲೇ ಕಣ್ಣಿಗೆ ಬಿದ್ದದ್ದು ಜಯಮ್ಮನ ಮೊದಲನೆಯ ಮಗು, ಪದ್ದು. ಎರಡು ವರ್ಷ ತುಂಬಿದೆ. ಗುಂಡು ಕೆನ್ನೆ, ದುಂಡು ಪಾದ. "ಎಷ್ಟು ಮೈ ಕೈ ತುಂಬಿಕೊಂಡಿದ್ದಾಳೆ!" ಎಂದೆ. ತಂಗಿಯ ಅತ್ತೆ ಮುನಿವೆಂಕಟಮ್ಮನವರು "ಥೂ ಥೂ, ಕಣ್ಣು ಬಿದ್ದೀತು" ಎಂದು ಮಗುವಿಗೆ ನೆಟಿಕೆ ಮುರಿದರು.

ಆದರೆ ಆ ಮಗು ಕೂರಿಸಿದ ಕಡೆಯೇ ಕೂತಿರುತ್ತಿತ್ತು. ಬಳೆ ಕೊಟ್ಟರೆ ಹಿಡಿಯದು. ಎತ್ತಿಕೊಂಡರೆ ಸಣ್ಣಗೆ ನರಳುವುದು. ಕೂದಲು ಕೆಂಚಗಾಗಿ, ಬಾಚಣಿಗೆಗೆ ಕಿತ್ತು ಬರುತ್ತಿತ್ತು. ತಮ್ಮ ಹುಟ್ಟಿದ್ದಾನಲ್ಲ, ಆ ಕೊರಗು ಎಂದರು ಮನೆಯವರು. ಇರಬಹುದು ಎಂದುಕೊಂಡೆ. ಮಕ್ಕಳಿಗೆ ಹೊಟ್ಟೆಕಿಚ್ಚು ಇರುವುದಿಲ್ಲವೇ?

ಎರಡು ದಿನ ಬಿಟ್ಟು ಬಾಣಂತಿಯನ್ನು ನೋಡಲು ಸರ್ಕಾರಿ ಸೆಂಟರಿನಿಂದ ನರ್ಸಮ್ಮ ಬಂದಳು. ಸರೋಜ ಎಂದು ಹೆಸರು. ಇನ್ನೂ ಚಿಕ್ಕ ವಯಸ್ಸು. ಬಿಳಿ ಸೀರೆಯ ಅಂಚಿನ ತುಂಬ ಕೆಂಪು ಧೂಳು. ಕೂಸನ್ನು ನೋಡಿದಳು, ಜಯಮ್ಮನನ್ನು ನೋಡಿದಳು, ಎಲ್ಲ ಸರಿಯಾಗಿದೆ ಎಂದಳು. ಹೊರಡುವಾಗ ಪಡಸಾಲೆಯಲ್ಲಿ ಕೂತಿದ್ದ ಪದ್ದುವನ್ನು ಕಂಡು ನಿಂತಳು. ಪಕ್ಕದಲ್ಲಿ ಕೂತು, ಮಗುವಿನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು.

ಒತ್ತಿದ ಕಡೆ ಗುಳಿ ಬಿತ್ತು. ಬಿದ್ದ ಗುಳಿ ಹಾಗೆಯೇ ಉಳಿಯಿತು. ಹಸಿ ಜೇಡಿಮಣ್ಣಿನಲ್ಲಿ ಬೆರಳೊತ್ತಿದ ಹಾಗೆ.

"ಇದು ಮೈ ಅಲ್ಲಮ್ಮ, ನೀರು. ಮಗೂಗೆ ಊಟಕ್ಕೆ ಏನು ಕೊಡ್ತಿದೀರಿ?"

ಜಯಮ್ಮ ಮತ್ತೆ ಬಸುರಿಯಾದಾಗ ಪದ್ದುವಿಗೆ ಎದೆಹಾಲು ಬಿಡಿಸಿದ್ದರು. ಆಮೇಲೆ ಮಗುವಿಗೆ ದಡಾರ ಎದ್ದಿತು. ಅಂದಿನಿಂದ ಪಥ್ಯವೆಂದು ಬರೀ ತೆಳು ಗಂಜಿ. ಹಾಲಿಲ್ಲ, ಬೇಳೆಯಿಲ್ಲ, ಮೊಟ್ಟೆಯಂತೂ ಕೇಳಲೇಬೇಡಿ. ಹಸುಗಳ ಹಾಲು ಶಿಡ್ಲಘಟ್ಟದ ಹೋಟೆಲಿಗೆ ಹೋಗುತ್ತಿತ್ತು.

"ದಡಾರ ಎದ್ದ ಮಗೂಗೆ ಹಾಲು ಕೊಡ್ತಾರಾ? ತಿಳಿದೋರು ಯಾರಾದ್ರೂ ಕೊಡ್ತಾರೇನಮ್ಮಾ?" ಮುನಿವೆಂಕಟಮ್ಮನವರು ರೇಗಿದರು.

ಸರೋಜ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಬಿಳಿ ಪುಡಿ. ಕಾಯಿಸಿದ ನೀರಿನಲ್ಲಿ ಕದಡಿ, ಸಕ್ಕರೆ ಹಾಕಿ, ಸ್ವಲ್ಪ ಸ್ವಲ್ಪವೇ ಕುಡಿಸಬೇಕು, ಒಂದೇ ಸಲ ಕೊಟ್ಟರೆ ಭೇದಿಯಾದೀತು ಎಂದಳು.

"ಏನಿದು?"

ಆಕೆ ಒಂದು ಸಲ ಅತ್ತೆಯವರ ಮುಖ ನೋಡಿದಳು. "ಔಷಧ ಅನ್ಕೊಳಿ ಅಮ್ಮ."

ಔಷಧವಾದರೆ ಸರಿ ಎಂದರು ಮುನಿವೆಂಕಟಮ್ಮನವರು. ಅಂದಿನಿಂದ ಪದ್ದುವಿಗೆ ಚಮಚದಲ್ಲಿ ಕುಡಿಸುವುದು ನನ್ನ ಕೆಲಸವಾಯಿತು. ಬಾಯಿ ಬಿಗಿ ಹಿಡಿಯುತ್ತಿತ್ತು, ಮುಖ ತಿರುಗಿಸುತ್ತಿತ್ತು, ಅರ್ಧ ನನ್ನ ಸೀರೆಗೆ. ಆದರೂ ಒಳಗೆ ಹೋಗುತ್ತಿತ್ತು.

ಮುಂದೆ ಆದದ್ದು ನಾನು ಕನಸಿನಲ್ಲೂ ಎಣಿಸದ್ದು. ಮಗು ಪದೇ ಪದೇ ಉಚ್ಚೆ ಹೊಯ್ಯತೊಡಗಿತು. ಕೆನ್ನೆ ಇಳಿಯಿತು. ಪಾದ ಇಳಿಯಿತು. ವಾರ ಕಳೆಯುವಷ್ಟರಲ್ಲಿ ಆ ಗುಂಡು ಗುಂಡಗಿದ್ದ ಮಗುವಿನ ಒಳಗಿನಿಂದ ಇನ್ನೊಂದು ಮಗು ಹೊರಬಂತು. ಕಡ್ಡಿ ಕಾಲು, ಎಣಿಸಬಹುದಾದ ಪಕ್ಕೆಲುಬು, ಮುದುಕಿಯ ಮುಖ. ಸ್ನಾನ ಮಾಡಿಸುತ್ತಿದ್ದವಳು ಚೊಂಬು ಕೆಳಗಿಟ್ಟೆ. ಔಷಧ ಕೊಟ್ಟರೆ ಮಗು ಹೀಗಾಗುತ್ತದೆಯೇ? ಏನು ಕುಡಿಸಿಬಿಟ್ಟೆ ನಾನು?

ಮುನಿವೆಂಕಟಮ್ಮನವರು ಕೂಗಾಡಲಿಲ್ಲ. ಅದೇ ಇನ್ನೂ ಹೆದರಿಕೆ ಹುಟ್ಟಿಸಿತು. ಮಗುವಿನ ಕಾಲನ್ನು ಸವರಿ, "ನನ್ನ ಮೊದಲ್ನೇ ಮಗಳೂ ಇದರ ಹಾಗೇ ಮೊದಲು ಊದ್ಕೊಂಡಿದ್ಲು, ಆಮೇಲೆ ಹೋದ್ಲು. ಇದನ್ನ ಬಿಡಲ್ಲ" ಎಂದರು. ಮಗನನ್ನು ಕರೆದು ಗಾಡಿ ಕಟ್ಟಲು ಹೇಳಿದರು. ಪಕ್ಕದ ಊರಿನಲ್ಲಿ ಒಬ್ಬ ಬರೆ ಹಾಕುವವನಿದ್ದಾನೆ. ಕಾದ ಕಬ್ಬಿಣವನ್ನು ಮಗುವಿನ ಹೊಟ್ಟೆಗೆ ಮುಟ್ಟಿಸುತ್ತಾನೆ.

ಬೆಳಗಿನ ಬಿಸಿಲು ಆಗಷ್ಟೇ ಏರುತ್ತಿತ್ತು. ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಕಂಬಳಿಯಲ್ಲಿ ಸುತ್ತಿದ ಪದ್ದುವನ್ನು ಎತ್ತಿಕೊಂಡು ಅತ್ತೆಯವರು ಹೊಸ್ತಿಲು ದಾಟಿದರು. ಬೇಡ ಎಂದೆ. ಬೇಡವಾದರೆ ಬೇರೇನು ಮಾಡಬೇಕು ಎಂದು ಹೇಳಲು ನನಗೆ ಗೊತ್ತಿರಬೇಕಲ್ಲ?

ಅದೇ ಹೊತ್ತಿಗೆ ತೋಟದ ಬದುವಿನ ಮೇಲೆ ಬಿಳಿ ಸೀರೆ ಕಾಣಿಸಿತು.

"ಬಾಮ್ಮಾ ಬಾ, ನಿನ್ನ ಔಷಧ ಮಾಡಿರೋ ಕೆಲಸ ನೋಡು!" ಮುನಿವೆಂಕಟಮ್ಮನವರು ಕಂಬಳಿ ಸರಿಸಿದರು.

ಸರೋಜ ನೋಡಿದಳು. ಮುಖದ ಬಣ್ಣ ಹೋಯಿತು. ಮಗುವಿನ ಪಾದ ಒತ್ತಿದಳು. ಗುಳಿ ಬೀಳಲಿಲ್ಲ.

"ನೀರು ಇಳಿದಿದೆ ಅಮ್ಮ. ಇಷ್ಟು ದಿನ ಇದ್ದದ್ದೇ ಇಷ್ಟು ಮೈ, ಊತ ಮುಚ್ಚಿತ್ತು. ಇನ್ಮೇಲೆ ತುಂಬ್ಕೊಳುತ್ತೆ."

"ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಟ್ರೈನಿಂಗ್‌ನಲ್ಲಿ ಹೇಳಿದ್ರು. ಕಣ್ಣಾರೆ ನೋಡಿರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಪುಡಿ ಮುಟ್ತಿರ್ಲಿಲ್ಲ." ಆಕೆ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. "ಇನ್ನೊಂದು ಹೇಳ್ಬೇಕು. ಅದು ಔಷಧ ಅಲ್ಲ. ಹಾಲಿನ ಪುಡಿ."

ಇದನ್ನು ಈಗಲೇ ಹೇಳಬೇಕಿತ್ತೇ ಈ ಹುಡುಗಿ?

"ಹಾಲಾ! ದೇವುಡಾ, ಹಾಲು ಕುಡಿಸಿ ನನ್ನ ಮಗೂನ..." ಅತ್ತೆಯವರ ಮಾತು ಮುಗಿಯಲಿಲ್ಲ. ಗಾಡಿಯ ಕಡೆ ತಿರುಗಿದರು.

ಆಗ ಒಳಗಿನಿಂದ ಜಯಮ್ಮ ಬಂದಳು. ಹಸಿ ಬಾಣಂತಿ. ತಲೆಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದುಕೊಂಡು, ಬಾಗಿಲು ದಾಟಿ ಬಿಸಿಲಿಗೆ ಬಂದು ನಿಂತಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡಿದವಳಲ್ಲ.

"ಪದ್ದೂನ ನನ್ ಕೈಗೆ ಕೊಡಿ ಅತ್ತೆ."

"ಒಳಗ್ ಹೋಗೇ. ಗಾಳಿ ತಾಗುತ್ತೆ."

"ತಾಗ್ಲಿ. ಬರೆ ಹಾಕಿದ್ರೆ ಅಳೋದಕ್ಕಾದ್ರೂ ತ್ರಾಣ ಇದೆಯಾ ಅದಕ್ಕೆ? ಹೋಗೋದಾದ್ರೆ ನನ್ನ ಮಡಿಲಲ್ಲಿ ಹೋಗ್ಲಿ."

ಜಯಮ್ಮನ ಗಂಡ ನಾರಾಯಣಪ್ಪ ಅಮ್ಮನನ್ನೂ ನೋಡಲಿಲ್ಲ, ಹೆಂಡತಿಯನ್ನೂ ನೋಡಲಿಲ್ಲ. ನೊಗದ ಹಗ್ಗ ಬಿಚ್ಚಿ, ಎತ್ತುಗಳನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದರು.

ಮುನಿವೆಂಕಟಮ್ಮನವರು ಮಗುವನ್ನು ಸೊಸೆಯ ಕೈಗಿತ್ತರು. ಸರೋಜಳ ಕಡೆ ಬೆರಳು ತೋರಿಸಿದರು. "ನೀನು ಎಲ್ಲೂ ಹೋಗೋ ಹಾಗಿಲ್ಲ. ಮಗು ಹೋದ್ರೆ ನಿನ್ನ ಕಣ್ಣೆದುರಿಗೇ ಹೋಗ್ಬೇಕು."

ಓಡಿಹೋಗಬಹುದಿತ್ತು. ಬಸ್ಸು ಹಿಡಿದು ಸೆಂಟರಿಗೆ ಹೋಗಿ, ಆ ಊರಿನವರು ಸರಿಯಿಲ್ಲ ಎಂದು ಹೇಳಬಹುದಿತ್ತು. ಯಾರು ತಪ್ಪು ಎನ್ನುತ್ತಿದ್ದರು? ಸರೋಜ ಚಪ್ಪಲಿ ಬಿಟ್ಟು ಒಳಗೆ ಬಂದು, ಒಲೆಯ ಮೇಲೆ ನೀರಿಟ್ಟಳು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಒಂದು ಕಡೆ ಹುಳು ಹಣ್ಣಾಗಿ ಗೂಡು ಕಟ್ಟಲು ಹತ್ತಿರವಾದ ಸಮಯ, ಮನೆ ತುಂಬ ಸೊಪ್ಪಿನ ಕೆಲಸ. ಇನ್ನೊಂದು ಕಡೆ ಚಮಚ ಹಿಡಿದು ಕೂತ ಸರೋಜ. ಮಗು ನುಂಗಿದರೆ ನಮಗೆಲ್ಲ ಉಸಿರು, ಕಕ್ಕಿದರೆ ಎಲ್ಲರೂ ಆಕೆಯ ಮುಖ ನೋಡುವುದು. ಒಂದು ಮಧ್ಯಾಹ್ನ ಮಗುವಿನ ಕೈಕಾಲು ತಣ್ಣಗಾಯಿತು. ಸರೋಜ ಅದನ್ನು ತನ್ನ ಸೆರಗಿನೊಳಗೆ ಎದೆಗೊತ್ತಿಕೊಂಡು ಸಂಜೆಯವರೆಗೂ ಅಲುಗದೆ ಕೂತಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಯಾವ ದೇವರನ್ನು ಕರೆಯುತ್ತಿದ್ದಳೋ. ಸಂಜೆ ಮೈ ಬೆಚ್ಚಗಾಯಿತು. ಆಗ ಮುನಿವೆಂಕಟಮ್ಮನವರು ಆಕೆಯ ಮುಂದೆ ಊಟದ ತಟ್ಟೆ ಇಟ್ಟರು.

ಮಾರನೆಯ ದಿನ ಪುಡಿ ಮುಗಿದಿತ್ತು. ಸೆಂಟರಿಗೆ ಹೇಳಿ ಕಳಿಸಬೇಕು ಎಂದು ನಾವು ಮಾತಾಡುತ್ತಿರುವಾಗಲೇ ಅತ್ತೆಯವರು ಹೋಟೆಲಿಗೆ ಹೊರಟಿದ್ದ ಹಾಲಿನಿಂದ ಒಂದು ಚೊಂಬು ಬಗ್ಗಿಸಿ ತಂದು, "ಎಷ್ಟು ನೀರು ಬೆರೆಸ್ಬೇಕು, ಹೇಳು" ಎಂದರು.

ಒಂದು ದಿನ ಬೆಳಿಗ್ಗೆ ಜಯಮ್ಮ ಕೂಸಿಗೆ ಹಾಲೂಡಿಸುತ್ತಿದ್ದಳು. ಪದ್ದು ಅಂಬೆಗಾಲಿಟ್ಟು ಹೋಗಿ, ತಮ್ಮನ ತಲೆಗೆ ಪಟ್ಟೆಂದು ಒಂದು ಏಟು ಹಾಕಿದಳು. ಕೂಸು ಕಿರುಚಿತು. ಬೇರೆ ದಿನವಾಗಿದ್ದರೆ ಅಜ್ಜಿಯ ಬಾಯಿಂದ ಎಷ್ಟು ಬೈಗುಳ ಬೀಳುತ್ತಿತ್ತೋ. ಅವತ್ತು ಅವರು ಕೂತಲ್ಲಿಯೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಪದ್ದು ಎಲ್ಲರನ್ನೂ ಒಮ್ಮೆ ನೋಡಿ, ಇನ್ನೊಂದು ಏಟು ಹಾಕಿದಳು. ಸರೋಜ ನಕ್ಕಿದ್ದನ್ನು ನಾನು ಕಂಡದ್ದು ಆಗಲೇ.

ಪದ್ದು ಚೇತರಿಸಿಕೊಂಡ ಮೇಲೆ ಸೆಂಟರಿಗೆ ಮರಳಿದ್ದ ಆಕೆ, ನಾನು ಹೊರಡುವ ದಿನ ಬೆಳಿಗ್ಗೆ ಮಗುವನ್ನು ನೋಡಲು ಮತ್ತೆ ಬಂದಿದ್ದಳು. ಮುಖ ಸಪ್ಪಗಿತ್ತು. ಏನಾಯಿತು ಎಂದೆ.

"ಮೊನ್ನೆ ಇನ್ನೊಂದು ಊರಲ್ಲಿ ಇಂಥದೇ ಮಗು ಅಕ್ಕ. ಈ ಸಲ ಎಲ್ಲ ಮೊದಲೇ ಹೇಳಿದೆ. ಹಾಲಿನ ಪುಡಿ ಅಂದೆ. ಮೊದಲು ಸೊರಗುತ್ತೆ, ಹೆದರ್ಕೋಬೇಡಿ ಅಂದೆ. ಬಾಗಿಲು ಹಾಕ್ಕೊಂಡ್ರು. ಸುಳ್ಳು ಹೇಳಿದ್ರೆ ತೆಗೀತಿದ್ರೇನೋ. ನೀವು ಪೇಪರ್‌ಗೆ ಬರೆಯೋರು, ನೀವಾದ್ರೂ ಹೇಳಿ, ನಾನೇನ್ ಹೇಳ್ಲಿ?"

ಒಳಗಿದ್ದ ಮುನಿವೆಂಕಟಮ್ಮನವರಿಗೆ ಈ ಮಾತು ಕೇಳಿಸಿತ್ತು. "ಯಾವೂರು?" ಎಂದು ಕೇಳಿ, ಪದ್ದುವನ್ನು ಸೊಂಟಕ್ಕೆ ಹಾಕಿಕೊಂಡು ಹೊರಗೆ ಬಂದರು. "ನಡಿ ಹೋಗಣ."

ಇದನ್ನು ಬರೆಯುವ ಹೊತ್ತಿಗೆ ಆ ಬಾಗಿಲು ತೆಗೆದ ಸುದ್ದಿ ಬಂದಿಲ್ಲ.