ಹುಳುಮನೆಗೆ ಬರುತ್ತಿದ್ದ ಡಾಕ್ಟರು

ತಿಂಗಳಿಗೊಂದು ಭಾನುವಾರ ನಮ್ಮ ಡಾಕ್ಟರು ಮೊಬೈಲಿನ ವಿಡಿಯೋ ಕಾಲಿನಲ್ಲಿ ಬರುತ್ತಾರೆ. ಜೊತೆಗೆ ಹೊಸೂರು, ಕೃಷ್ಣಗಿರಿ ಕಡೆಯ ನನ್ನಂಥವರು ಹತ್ತು ಜನ. ಎಲ್ಲರೂ ಚಿಕ್ಕ ವಯಸ್ಸಿನವರು, ಎಲ್ಲರಿಗೂ ಸಕ್ಕರೆ ಕಾಯಿಲೆ. ಮೊದಲು ಆಸ್ಪತ್ರೆಗೆಂದು ಸೂಳಗಿರಿಯ ಫ್ಯಾಕ್ಟರಿಗೆ ರಜೆ ಹಾಕಿ ಸಂಬಳ ಕಳೆದುಕೊಳ್ಳುತ್ತಿದ್ದೆ. ಈಗ ಅದು ತಪ್ಪಿದೆ. ನೈಟ್ ಶಿಫ್ಟಿನಲ್ಲಿ ಇನ್ಸುಲಿನ್ ಯಾವಾಗ ಹಾಕಿಕೊಳ್ಳಲಿ ಎಂದು ಒಬ್ಬಳು ತಮಿಳಿನಲ್ಲಿ ಕೇಳಿದರೆ, ಇನ್ನೊಬ್ಬ ತೆಲುಗಿನಲ್ಲಿ ತನ್ನ ಪಾಡು ಹೇಳುತ್ತಾನೆ. ಇದು ನನ್ನೊಬ್ಬಳ ಹಣೆಬರಹವಲ್ಲ ಎಂದು ನನಗೆ ಗೊತ್ತಾದದ್ದೇ ಅಲ್ಲಿ.

ಇದಕ್ಕೆ ತೆರಬೇಕಾದ ಬೆಲೆ ಒಂದೇ, ನಮ್ಮ ಕಾಯಿಲೆಯನ್ನು ಹತ್ತು ಜನರ ಮುಂದೆ ಬಾಯಿಬಿಟ್ಟು ಹೇಳಬೇಕು. ಅಮ್ಮನಿಗೆ ಅದೇ ದುಬಾರಿಯಾಯಿತು. ಮದುವೆಯಾಗಬೇಕಾದ ಹುಡುಗಿ, ಯಾರ ಕಿವಿಗೂ ಬೀಳಬಾರದಂತೆ. ಹುಳಕ್ಕೆ ರೋಗ ತಂದಾರೆಂದು ನಮ್ಮ ರೇಷ್ಮೆ ಸಾಕುವ ಮನೆಯೊಳಕ್ಕೆ ಹೊರಗಿನವರನ್ನು ಬಿಡುವುದಿಲ್ಲವಲ್ಲ, ಡಾಕ್ಟರು ಬರುವ ಹೊತ್ತಿಗೆ ನನ್ನನ್ನು ಅಲ್ಲಿಗೆ ತಳ್ಳುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ನಾನೇನು ಕಳ್ಳತನ ಮಾಡಿದ್ದೆನೇ?

ಆಷಾಢ ಕಳೆದ ಮೇಲೆ ಅಂಥದ್ದೇ ಒಂದು ಭಾನುವಾರ ಕೆಲಮಂಗಲದವರು ಹೆಣ್ಣು ನೋಡಲು ಬಂದರು, ಹೇಳಿದ ಹೊತ್ತಿಗಿಂತ ಮೊದಲೇ. ಹುಡುಗನ ತಾಯಿಯೂ ರೇಷ್ಮೆ ಬೆಳೆಯುವವರು. ಹುಳು ಹೇಗಿವೆ ನೋಡೋಣವೆಂದು ಎದ್ದು ಬಂದು, ಪದ್ಧತಿಯಂತೆ ಹೊಸಿಲಾಚೆಯೇ ನಿಂತರು. ಸೂಜಿ ತಪ್ಪಿಸುತ್ತಿಲ್ಲ ತಾನೇ ಎಂದು ಡಾಕ್ಟರು ಆಗಷ್ಟೇ ನನ್ನನ್ನು ಕೇಳಿದ್ದು ಆಕೆಯ ಕಿವಿಗೂ ಬಿತ್ತು. ಅಮ್ಮ ಓಡಿ ಬಂದವಳೇ ಫೋನು ಕಿತ್ತು ಹಿಪ್ಪುನೇರಳೆ ಸೊಪ್ಪಿನಡಿ ತುರುಕಿದಳು. ಫೋನಿನಲ್ಲಿದ್ದವರು ರೇಷ್ಮೆ ಹುಳದ ಡಾಕ್ಟರಂತೆ, ಸೂಜಿ ಹುಳಕ್ಕಂತೆ!

"ಹುಳಕ್ಕೆ ಯಾರವ್ವ ಸೂಜಿ ಹಾಕ್ತಾರೆ?" ಎಂದರು ಹುಡುಗನ ತಾಯಿ.

ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ನೆತ್ತಿಗೇರಿದವು. ಸೊಪ್ಪು ಸರಿಸಿ ಫೋನು ಎತ್ತಿಕೊಂಡೆ.

"ಸೂಜಿ ನಂಗಮ್ಮ. ಸಕ್ಕರೆ ಕಾಯ್ಲೆ ಐತೆ, ದಿನಾ ಹಾಕ್ಕಂತೀನಿ."

ಅವರು ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆಂದು ಹೊರಟರು. ಏನನ್ನೂ ತಿಳಿಸಲಿಲ್ಲ. ಬಾಳು ಹಾಳು ಮಾಡಿಕೊಂಡೆ ಎಂದು ಅಮ್ಮ ಎದೆ ಬಡಿದುಕೊಂಡಳು. ನಾನೂ ಬಿಡಲಿಲ್ಲ.

"ಹೋದ್ ಸಲ ಹುಳಕ್ಕೆ ರೋಗ ಬಂದಾಗ ಬೀದಿಗೆಲ್ಲ ನೀನೇ ಹೇಳ್ಕಂಬಂದೆ. ನನ್ ಒಬ್ಳನ್ನ ಯಾಕವ್ವ ಮುಚ್ಚಿಡ್ತೀಯ?"

"ಹುಳಕ್ಕೆ ಮದ್ವೆ ಮಾಡಂಗಿಲ್ಲ ಕಣೆ," ಎಂದಳು.

ಮುಂದಿನ ತಿಂಗಳು ಡಾಕ್ಟರು ಬಂದಾಗ ನಾನು ಬೀದಿ ಜಗಲಿಯ ಮೇಲೆ ಕೂತು, ಫೋನಿನ ಸದ್ದು ಪೂರ್ತಿ ಏರಿಸಿದೆ.