ಮೊದಲ ಹಿಡಿ ಲೆಕ್ಕಕ್ಕಿಲ್ಲ

ಕುರ್ಲಾದ ಚಾಳಿನಲ್ಲಿ ದಾನಪ್ಪನ ಜಂಬ ಗೊತ್ತಿಲ್ಲದವರಿಲ್ಲ. ಮೂವತ್ತೆಂಟು ವರ್ಷ ಮುಂಬೈಯ ಕಾಳಿನ ಪೇಟೆಯಲ್ಲಿ ಮಾಲು ಪರೀಕ್ಷೆ ಮಾಡಿದವನು. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಅಂಗೈಗೆ ಉದುರಿದ ಕಾಳು ನೋಡಿ, ಹುಳ ಬಿದ್ದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ವಿಜಯಪುರದ ಕಡೆಯಿಂದ ಹದಿನೆಂಟರಲ್ಲಿ ಬಂದವನಿಗೆ ಈ ವಿದ್ಯೆ ಕಲಿಸಿದವನು ಕಾಶಪ್ಪ. ಮೊದಲ ದಿನವೇ ಕೈಮೇಲೆ ಫಟ್ಟನೆ ಹೊಡೆದಿದ್ದ.

"ಮೊದಲ್ನೇ ಹಿಡಿ ಚೆಲ್ಲೋ ಮಂಗ್ಯಾ! ಅದರಾಗ ಚೀಲದ ನಾರು ಬರತೈತಿ. ಎರಡನೇದ್ದು ನೋಡು."

ಆ ಗೋಣಿಚೀಲದ ವಾಸನೆ, ಚೀಲಗಳ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದ ಮಧ್ಯಾಹ್ನಗಳು! ಕಾಶಪ್ಪ ತೀರಿಹೋಗಿ ಹತ್ತು ವರ್ಷವಾಯಿತು.

ಹೋದ ವರ್ಷ ದಾನಪ್ಪನಿಗೆ ಗುದನಾಳದ ಕ್ಯಾನ್ಸರ್ ಕಾಣಿಸಿತು. ರೇಡಿಯೇಷನ್, ಕೀಮೋ ಎಲ್ಲ ಶುರುವಾದವು. ಅದರ ಜೊತೆಗೆ ಡಾಕ್ಟರು ಒಂದು ಅಧ್ಯಯನಕ್ಕೂ ಸೇರಿಸಿಕೊಂಡರು. ಗಡ್ಡೆಯಿಂದ ಕಳಚಿಕೊಂಡು ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕಣಗಳನ್ನು ಎಣಿಸುವ ಪರೀಕ್ಷೆಯಂತೆ. ಚಿಕಿತ್ಸೆಗೆ ಮುಂಚೆ ಒಂದು ಟ್ಯೂಬಿನಲ್ಲಿ ಒಂಬತ್ತು ಸಿಕ್ಕಿದ್ದವು.

"ಲಾರಿಗಟ್ಟಲೆ ಕಾಳಿನಾಗ ಒಂಬತ್ತು ಹುಳ," ಎಂದು ಹೆಂಡತಿ ಅಂಬವ್ವನಿಗೆ ತಿಳಿಸಿ ಹೇಳಿದ. ನಗಲು ಹೋದ, ನಗು ಬರಲಿಲ್ಲ. ಆ ಒಂಬತ್ತು ಇಳಿಯದಿದ್ದರೆ ತನ್ನ ಕತೆ ಮುಗಿಯಿತು ಎಂದೇ ಅವನ ಭಯ. ಸ್ಕ್ಯಾನೂ ನೋಡಬೇಕು, ಬರೀ ಇದೊಂದೇ ಅಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ರೇಡಿಯೇಷನ್, ಕೀಮೋ ಮುಗಿದ ಮೇಲೆ, ಆಪರೇಷನ್‌ಗೆ ಮುಂಚೆ, ಮತ್ತೆ ರಕ್ತ ಕೊಡಲು ಹೋದ. ಮೊದಲ ಸಲ ಹೆದರಿ ಕಣ್ಣು ಮುಚ್ಚಿಕೊಂಡಿದ್ದ, ಈ ಸಲ ಬಿಟ್ಟುಕೊಂಡೇ ಕೂತ. ಲ್ಯಾಬಿನ ಸ್ನೇಹಲ್ ಸಣ್ಣದೊಂದು ಟ್ಯೂಬ್ ತುಂಬಿಸಿ, ಸೀದಾ ಕಸದ ಡಬ್ಬಿಗೆ ಹಾಕಿದಳು. ದಾನಪ್ಪನಿಗೆ ರೇಗಿತು. ಕೆಟ್ಟ ಮಾದರಿ ಬಚ್ಚಿಟ್ಟು ಒಳ್ಳೆಯದು ತೋರಿಸುವ ವ್ಯಾಪಾರಿಗಳನ್ನು ಎಷ್ಟು ಕಂಡಿಲ್ಲ ಅವನು!

"ಏ ತಂಗಿ, ಅದನ್ಯಾಕ ಒಗದಿ? ಕೆಟ್ಟದ್ದು ಅದರಾಗ ಐತೇನು? ನನ್ನಿಂದ ಮುಚ್ಚಿಡತೀರೇನು?"

ಸ್ನೇಹಲ್ ಧಾರವಾಡದವರ ಮಗಳು, ಬೆಳೆದದ್ದು ಮಲಾಡಿನಲ್ಲಿ. ತಡವರಿಸುತ್ತ ಹೇಳಿದಳು: "ನಹೀ ಅಜ್ಜಾ, ಸೂಜಿ ಚುಚ್ಚುವಾಗ ಸ್ಕಿನ್‌ದು ಸೆಲ್ಸ್ ಬರ್ತಾವ. ಅವು ಸೇರಿದ್ರ ಕೌಂಟ್ ಗಡಬಡ್ ಆಗ್ತದ. ಅದಕ್ಕ ಫಸ್ಟ್ ಟ್ಯೂಬ್ ಬೇಡ."

ದಾನಪ್ಪನ ಕೈಮೇಲೆ ಕಾಶಪ್ಪನ ಏಟು ಮತ್ತೆ ಬಿದ್ದಂತಾಯಿತು.

"ಮೊದಲ್ನೇ ಹಿಡಿ..." ಎಂದ. ಕಣ್ಣಲ್ಲಿ ನೀರು ಬಂತು. ನೋವಾಯಿತೇನೋ ಎಂದು ಆ ಹುಡುಗಿ ಗಾಬರಿಯಾದಳು. "ತಪ್ಪಾತವ್ವಾ, ನೀ ಬರೋಬರಿ ಮಾಡೀದಿ. ತಗೋ, ಎರಡನೇದ್ದು ತಗೋ."

ಹತ್ತು ದಿನಕ್ಕೆ ರಿಪೋರ್ಟ್ ಬಂತು. ಟ್ಯೂಬಿನಲ್ಲಿ ಒಂದೂ ಕ್ಯಾನ್ಸರ್ ಕಣ ಸಿಕ್ಕಿರಲಿಲ್ಲ.

"ಒಂದು ಟ್ಯೂಬಲ್ಲಿ ಸಿಗಲಿಲ್ಲ ಅಂದ್ರೆ ಎಲ್ಲೂ ಇಲ್ಲ ಅಂತಲ್ಲ," ಎಂದರು ಡಾಕ್ಟರು. "ಆಪರೇಷನ್ ಆಗಲಿ, ಮತ್ತೆ ನೋಡೋಣ."

ಇದನ್ನು ದಾನಪ್ಪನಿಗೆ ಹೇಳಬೇಕೇ? ಒಂದೇ ಚೀಲ ನೋಡಿ ಇಡೀ ಲಾರಿ ಪಾಸ್ ಮಾಡಿದವನೇ ಅಲ್ಲ ಅವನು. ಜೀವದ ಗೆಳೆಯ ಶೆಟ್ಟೆಪ್ಪ ಕೈಮುಗಿದು ಕೇಳಿದಾಗಲೂ ಮಾಡಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅಂಬವ್ವ ಸೆರಗು ಹಿಂಡುತ್ತ ಕೂತಿದ್ದಳು.

"ಮಾಲು ಪಾಸಾತು," ಎಂದ.

ನಲವತ್ತು ವರ್ಷ ಅವನ ಕತೆ ಕೇಳಿದವಳು ಅವಳು. ಮುಖವನ್ನೇ ದಿಟ್ಟಿಸಿದಳು. "ಎಷ್ಟು ಚೀಲ ನೋಡ್ಯಾರ್ರೀ?"

"ಒಂದಽ," ಎಂದ ದಾನಪ್ಪ, ಅವಳ ಕೈ ಹಿಡಿದುಕೊಂಡು. "ಇದೊಂದ ಸಲ ಪಾಸ್ ಮಾಡೂಣು ಬಿಡ."